ಡೊಂಬಿವಲಿ ಅಕ್ಕನ ಸೊಂಟನೋವಿಗೆ: ಪಿಎಂಆರ್ ಡಾಕ್ಟರ್ ಅಂದರೆ ಯಾರು?

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ನಿಂಬೆ ಗಿಡದ ಕುಂಡ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿದೆ, ಎಡಗಾಲಿಗೆ ನೋವು ಇಳಿಯುತ್ತದೆ, ಹೆಬ್ಬೆರಳು ಜೋಮು. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಅಂತ ಬಂದಿದೆ. ನಮ್ಮ ಗಿಡಗಳ ಗುಂಪಿನಲ್ಲಿ ಯಾರೋ ಪಿಎಂಆರ್ (ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್) ಡಾಕ್ಟರಿಗೆ ತೋರಿಸಿ ಅಂದರು, ಅದು ಫಿಸಿಯೋಥೆರಪಿನೇ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಎರಡು ವರ್ಷದ ಹಿಂದೆ ನಾನೂ ಇದೇ ಪಾಡು ಪಟ್ಟವಳು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೇ ಹೋದರೆ, ಕೂತಾಗ ಕುರ್ಚಿಗೆ ತಾಗುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ನೆಲಕ್ಕೆ ಉಜ್ಜತೊಡಗಿದರೆ, ಈ ಉತ್ತರ ಓದುತ್ತಾ ಕೂರಬೇಡಿ. ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಅಂಥ ಹೊತ್ತಲ್ಲಿ ಆಪರೇಷನ್ ಬೇಕಾಗಬಹುದು, ತಡ ಮಾಡಿದರೆ ನರವೇ ಹಾಳಾಗುತ್ತದೆ.

ಅದ್ಯಾವುದೂ ಇಲ್ಲ ಅಂದರೆ ಮುಂದೆ ಓದಿ. ಪಿಎಂಆರ್ ಡಾಕ್ಟರ್ ಎಂಬಿಬಿಎಸ್ ಮುಗಿಸಿ, ಆಮೇಲೆ 3 ವರ್ಷ ಇದೇ ವಿಷಯ ಓದಿದವರು. ಔಷಧಿ ಬರೆಯುತ್ತಾರೆ, ನರದ ಪರೀಕ್ಷೆ ಮಾಡಿಸುತ್ತಾರೆ, ಬೇಕಾದರೆ ಇಂಜೆಕ್ಷನ್ ಕೊಡುತ್ತಾರೆ. ಬೆನ್ನು ಕೊಯ್ಯುವುದು ಅವರ ಕೆಲಸವಲ್ಲ. ಫಿಸಿಯೋಥೆರಪಿಸ್ಟ್ ವ್ಯಾಯಾಮ ಕಲಿಸಿ ಮಾಡಿಸುವವರು. ಇಬ್ಬರೂ ಜೊತೆಯಲ್ಲಿ ಕೆಲಸ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಇವರಿಗೆ ಫಿಸಿಯಾಟ್ರಿಸ್ಟ್ ಅಂತಲೂ ಹೆಸರಿದೆ. ನಮ್ಮ ಯಜಮಾನರು ಅದನ್ನು ಸೈಕಿಯಾಟ್ರಿಸ್ಟ್ ಅಂತ ಕೇಳಿಸಿಕೊಂಡು, "ಸೊಂಟಕ್ಕೆ ತಲೆ ಡಾಕ್ಟರ್ ಯಾಕೆ?" ಅಂದಿದ್ದರು!

ನನ್ನ ಕಥೆ ಹೀಗೆ. ಮೊದಲು ತೋರಿಸಿದ ಕಡೆ ಎಂಆರ್‌ಐ ಫಿಲ್ಮ್ ಬೆಳಕಿಗೆ ಹಿಡಿದರು, ಐದೇ ನಿಮಿಷದಲ್ಲಿ ಆಪರೇಷನ್ ತಾರೀಖು ಕೇಳಿದರು. ಹೆದರಿ ಮನೆಗೆ ಬಂದು ಮೂರು ವಾರ ಮಲಗಿಬಿಟ್ಟೆ. ಅದು ನಾನು ಮಾಡಿದ ದೊಡ್ಡ ತಪ್ಪು. ಸೊಂಟ ಇನ್ನೂ ಬಿಗಿಯಿತು. ನೋವು ತೀರಾ ಜಾಸ್ತಿ ಇದ್ದರೆ ಒಂದೆರಡು ದಿನ ಮಲಗಬಹುದು, ಆಮೇಲೆ ಆದಷ್ಟು ಓಡಾಡಬೇಕು.

ಆಮೇಲೆ ಸಿಕ್ಕ ಪಿಎಂಆರ್ ಡಾಕ್ಟರ್ ಮೊದಲಿಗೆ ಫಿಲ್ಮ್ ಕವರನ್ನು ತೆಗೆಯಲೇ ಇಲ್ಲ. ಹಿಮ್ಮಡಿ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಮಲಗಿಸಿ ಕಾಲು ನೆಟ್ಟಗೆ ಎತ್ತಿದರು. ಎಲ್ಲಿ ಜೋಮು, ಎಲ್ಲಿ ಇಲ್ಲ ಅಂತ ಮುಟ್ಟಿ ಮುಟ್ಟಿ ಕೇಳಿದರು. ಯಾವ ನರ ಒತ್ತುತ್ತಿದೆ ಅಂತ ಅದರಲ್ಲೇ ಬಹಳಷ್ಟು ಗೊತ್ತಾಗುತ್ತದಂತೆ. ಆಮೇಲೆ ಎಂಆರ್‌ಐ ಜೊತೆ ತಾಳೆ ನೋಡಿದರು. ಯಾಕೆಂದರೆ ನೋವೇ ಇಲ್ಲದವರ ಬೆನ್ನಲ್ಲೂ ಡಿಸ್ಕ್ ಉಬ್ಬಿರುತ್ತದೆ. 20 ವಯಸ್ಸಿನವರಲ್ಲಿ ಸುಮಾರು 30%, 80ರವರಲ್ಲಿ 80% ದಾಟುತ್ತದೆ. ರಿಪೋರ್ಟಿನ ದೊಡ್ಡ ದೊಡ್ಡ ಪದ ಓದಿ ನಿದ್ದೆಗೆಡಬೇಡಿ.

ಕೊನೆಗೆ ಕೇಳಿದರು: "ನಿಮಗೆ ಮತ್ತೆ ಏನು ಮಾಡಬೇಕು ಅಂತಿದೆ?" ಕುಂಡಗಳ ಹತ್ತಿರ ಹೋಗಬೇಕು ಅಂದೆ. ಟ್ರೀಟ್ಮೆಂಟ್ ಎಲ್ಲ ಅಲ್ಲಿಂದಲೇ ಶುರುವಾಯಿತು. ಸ್ವಲ್ಪ ದಿನ ಮಾತ್ರೆ, ದಿನಾ ನಡಿಗೆ, ಫಿಸಿಯೋ. ಬೆಲ್ಟು ತಿಂಗಳಗಟ್ಟಲೆ ಬೇಡ ಅಂದರು. ಕಾಲುನೋವು ಇಳಿಯದಿದ್ದರೆ ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ನೋಡಿಕೊಂಡು ನರದ ಹತ್ತಿರ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಡಿಸ್ಕ್ ಒಳಗೆ ಹೋಗುವುದಿಲ್ಲ. ಊತ ಇಳಿದರೆ ವ್ಯಾಯಾಮ ಮಾಡಲು ಆಗುತ್ತದೆ, ಅಷ್ಟೇ. ನಿಮಗೆ ಶುಗರ್ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಆ ಇಂಜೆಕ್ಷನ್ ಆದಮೇಲೆ ಕೆಲವು ದಿನ ಶುಗರ್ ಏರುತ್ತದೆ. ನನಗೆ ಇಂಜೆಕ್ಷನ್ ಬೇಕಾಗಲಿಲ್ಲ, ಸುಮಾರು ಎರಡೂವರೆ ತಿಂಗಳಲ್ಲಿ ಕಾಲುನೋವು ಹೋಯಿತು. ಎಷ್ಟೋ ಜನರಿಗೆ ಹೀಗೇ ವಾಸಿಯಾಗುತ್ತದೆ.

ಎಲ್ಲಿ ತೋರಿಸುವುದು? ಮುಂಬೈಯ ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ಪಿಎಂಆರ್ ಸಂಸ್ಥೆ ಇದೆ, 1955ರಿಂದ. ನೀವು ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಲೋಕಲ್ ಹಿಡಿದು ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿಯಬೇಕು. ದಾದರಿನ ಬ್ರಿಜ್ ನೆನೆಸಿಕೊಂಡರೆ ಮಾತ್ರ ಸೊಂಟ ತಾನೇ ನೋಯುತ್ತದೆ, ಮಧ್ಯಾಹ್ನದ ಖಾಲಿ ಗಾಡಿಯಲ್ಲಿ ಹೋಗೋಣ ಅಂದರೆ ಒಪಿಡಿ ಬೆಳಿಗ್ಗೆ. ಕೆಇಎಂ, ಸಯನ್ ಆಸ್ಪತ್ರೆಗಳಲ್ಲೂ ಈ ವಿಭಾಗ ಇದೆ.

ಇನ್ನು ನಮ್ಮ ಗಿಡದ ವಿಷಯ. ಬೆಳಿಗ್ಗೆ ಎದ್ದ ಕೂಡಲೇ ಬಗ್ಗಿ ಕಳೆ ಕೀಳುವುದು ಬಿಡಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿಕೊಂಡಿರುತ್ತದೆ, ಆಗ ಬಗ್ಗಿದರೆ ಒತ್ತಡ ಜಾಸ್ತಿ. ನಾನು ಎದ್ದಮೇಲೆ ಒಂದು ಗಂಟೆ ಬಿಟ್ಟು, ಚಹಾ ಕುಡಿದು, ಓಡಾಡಿ ಆಮೇಲೆ ಬಾಲ್ಕನಿಗೆ ಹೋಗುತ್ತೇನೆ. 20 ಲೀಟರ್ ಕುಂಡದಲ್ಲಿ ಒದ್ದೆ ಮಣ್ಣಿದ್ದರೆ 25ರಿಂದ 30 ಕಿಲೋ ತೂಗುತ್ತದೆ, ಎರಡು ಗ್ಯಾಸ್ ಸಿಲಿಂಡರಿನ ಗ್ಯಾಸಿನಷ್ಟು! ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಬೆರೆಸಿ, ನೀರು ಹಾಕುವ ಮೊದಲೇ ಜಾಗ ಬದಲಿಸಿ. ಗ್ರೋ ಬ್ಯಾಗನ್ನು ಹಳೇ ಬೆಡ್‌ಶೀಟ್ ಮೇಲಿಟ್ಟು ಎಳೆಯಬಹುದು. ಮೆಂತ್ಯ, ಕೊತ್ತಂಬರಿ ಟ್ರೇ ಮೇಜಿನ ಮೇಲಿರಲಿ.

ಮೂಳೆ ಕೂರಿಸುವವರ ಹತ್ತಿರ ಹೋಗಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಜೋಮು ಇರುವಾಗ ಯಾರ ಕೈಯಲ್ಲೂ ಸೊಂಟ ತಿರುಚಿಸಬೇಡಿ ಅಕ್ಕಾ.

ಆ ನಿಂಬೆ ಕುಂಡ ಇದ್ದಲ್ಲೇ ಇರಲಿ. ಭಾನುವಾರ ನನ್ನ ಮಗ ಡೊಂಬಿವಲಿಗೆ ಬರುವವನಿದ್ದಾನೆ, ಚಕ್ರದ ಸ್ಟ್ಯಾಂಡ್ ಒಂದು ಕೊಟ್ಟು ಕಳಿಸುತ್ತೇನೆ. ಎತ್ತಿಡುವ ಕೆಲಸವೂ ಅವನದೇ. ನಿಮ್ಮ ಬಿಲ್ಡಿಂಗಿನ ವಿಂಗ್ ನಂಬರ್ ಇನ್‌ಬಾಕ್ಸಿಗೆ ಹಾಕಿ.