ಟ್ರಸ್ಟ್ ಮಾಡಿದರೆ ಪೇಪರು ಉಳಿಯುತ್ತಾ?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಾಲ್ಕು ಪುಟದ ಪತ್ರಿಕೆ ನಡೆಸುತ್ತಿದ್ದೇನೆ. ಜಾಹೀರಾತು ಬತ್ತಿದೆ. ಲಾಭದ ಆಸೆ ಬಿಟ್ಟು ಟ್ರಸ್ಟ್ ಮಾಡಿದರೆ ಉಳಿಯುತ್ತಾ?

ಉತ್ತರ: ಬೋರ್ಡು ಬದಲಾಯಿಸಿದರೆ ಕಾಗದದ ಬಿಲ್ಲು ಕಮ್ಮಿಯಾಗಲ್ಲ, ಅಲ್ವಾ? ಅಮೆರಿಕದ ಸಾಲ್ಟ್ ಲೇಕ್ ಟ್ರಿಬ್ಯೂನ್ 2019ರಲ್ಲಿ ಲಾಭರಹಿತ ಸಂಸ್ಥೆಯಾಯಿತು. ದಾನಿಗಳಿಗೆ ತೆರಿಗೆ ರಿಯಾಯಿತಿ ಉಂಟು. ಆದರೆ ಚುನಾವಣೆಯಲ್ಲಿ ಇಂಥವರಿಗೇ ವೋಟು ಹಾಕಿ ಅಂತ ಪತ್ರಿಕೆ ಬರೆಯುವಂತಿಲ್ಲ. ನಮ್ಮಲ್ಲಿ ಟ್ರಸ್ಟ್ ಅಲ್ಲದೆ ಲಾಭರಹಿತ ಕಂಪನಿ ಮಾಡುವುದಕ್ಕೂ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಇದೆ. ಲಾಭ ಬಂದರೂ ಸದಸ್ಯರು ಹಂಚಿಕೊಳ್ಳುವಂತಿಲ್ಲ, ಉದ್ದೇಶಿಸಿದ ಕೆಲಸಕ್ಕೇ ಹಾಕಬೇಕು.

ನಾನಾಗಿದ್ದರೆ ಮೊದಲು ರಾಶಿ, ಬೆಟ್ಟೆ ಅಡಿಕೆಯ ಧಾರಣೆ ನೋಡಲೆಂದೇ ಪೇಪರು ಬಿಡಿಸುವ ಬೆಳೆಗಾರರ ಹತ್ತಿರ ವರ್ಷದ ಚಂದಾ ಕೇಳುತ್ತಿದ್ದೆ. ಸುಗ್ಗಿ ಮುಗಿದ ಮೇಲೆ ಕೇಳಿ, ಕೈಯಲ್ಲಿ ದುಡ್ಡಿರುತ್ತೆ. ಒಬ್ಬನೇ ಸಾಹುಕಾರನ ದೊಡ್ಡ ದೇಣಿಗೆ ಮಾತ್ರ ಬೇಡ. ತುಂಗೆಯ ಮರಳಿನ ಸುದ್ದಿ ಬರೆದ ದಿನವೇ ಫೋನ್ ಬರುತ್ತದೆ.