ಲೀ ಪ್ಲಾಜಾದ ಸಿಂಹಮುಖಗಳು

ಮಾನ್ಯರೇ,

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಪಾಳುಬಿದ್ದ ಲೀ ಪ್ಲಾಜಾ ಎಂಬ ವಸತಿ ಕಟ್ಟಡದ ಬಗ್ಗೆ ನೀವು ಕಳುಹಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಾಗದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲೇ 'ಕಾಲನ ಹೊಡೆತ', 'ಮೂಕಸಾಕ್ಷಿ', 'ಗತವೈಭವ' ಮೂರೂ ಬಂದಿವೆ. ಇವನ್ನು ಹಂಪಿಗೂ ಹೇಳಬಹುದು, ಮುಚ್ಚಿದ ಹತ್ತಿ ಗಿರಣಿಗೂ ಹೇಳಬಹುದು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಇಂಥ ಮಾತುಗಳ ಮರೆಯಲ್ಲಿ ತಪ್ಪಿತಸ್ಥರು ಪಾರಾಗುತ್ತಾರೆ. ಹೊರಗೋಡೆಯ ಟೆರಾಕೋಟಾ ಸಿಂಹಮುಖಗಳನ್ನು ಕಿತ್ತವರು ಕಳ್ಳರು. ಅವುಗಳಲ್ಲಿ ಕೆಲವು ಶಿಕಾಗೋದಲ್ಲಿ ಹೊಸದಾಗಿ ಕಟ್ಟಿದ ಮನೆಗಳ ಗೋಡೆಯಲ್ಲಿ ಪತ್ತೆಯಾದವು. ಚಾವಣಿಯ ತಾಮ್ರದ ತಗಡನ್ನು ಸುಲಿದವರೂ ಮನುಷ್ಯರೇ. ಇಷ್ಟು ದೊಡ್ಡ ಸಂಗತಿ ನಿಮ್ಮಲ್ಲಿ ಆವರಣ ಚಿಹ್ನೆಯೊಳಗೆ ಅರ್ಧ ವಾಕ್ಯವಾಗಿ ಮುದುಡಿ ಕೂತಿದೆ! ದಯವಿಟ್ಟು ಅಲ್ಲಿಂದಲೇ ಶುರುಮಾಡಿ.

1929ರಲ್ಲಿ ಹೋಟೆಲಿನ ಸೇವೆಯೊಂದಿಗೆ ಸಿರಿವಂತರಿಗಾಗಿ ಎದ್ದ ಹದಿನೈದು ಅಂತಸ್ತುಗಳನ್ನು ಚೆನ್ನಾಗಿಯೇ ಬಣ್ಣಿಸಿದ್ದೀರಿ. ಅದೇ ವರ್ಷ ಷೇರುಪೇಟೆ ಕುಸಿದದ್ದನ್ನೂ ಹೇಳಿದ್ದೀರಿ. ಅಲ್ಲಿಂದ ಒಂದೇ ನೆಗೆತಕ್ಕೆ 1997ಕ್ಕೆ, ಬೀಗ ಬಿದ್ದ ವರ್ಷಕ್ಕೆ ಬಂದುಬಿಟ್ಟಿರಿ. 1969ರಿಂದ ಅದು ಹಿರಿಯರ ಸಾರ್ವಜನಿಕ ವಸತಿಯಾಗಿತ್ತಲ್ಲವೇ? ಇಪ್ಪತ್ತೆಂಟು ವರ್ಷ ಅಲ್ಲಿ ಒಲೆ ಹಚ್ಚಿದ ಅಜ್ಜ ಅಜ್ಜಿಯರಿಗೆ ನಿಮ್ಮಲ್ಲಿ ಒಂದು ಸಾಲೂ ಸಿಗಲಿಲ್ಲ. ಸಿರಿವಂತರು ಬಿಟ್ಟುಹೋದ ದಿನವೇ ಕಟ್ಟಡ ಸತ್ತಿತೆಂಬಂತೆ ಓದಿಸಿಕೊಳ್ಳುತ್ತದೆ. ಇದು ನನಗೆ ನಿಜಕ್ಕೂ ನೋವು ತಂದಿತು. ಊರಿನ ಅವನತಿಗೆ 'ಕಾರು ಕಾರ್ಖಾನೆಗಳು ಮುಚ್ಚಿದವು' ಎಂಬ ಮಾತು ಸಾಲದು. 1950ರಲ್ಲಿ 18 ಲಕ್ಷ ದಾಟಿದ್ದ ಜನಸಂಖ್ಯೆ 2010ರ ಹೊತ್ತಿಗೆ ಸುಮಾರು 7 ಲಕ್ಷಕ್ಕೆ ಇಳಿದಿತ್ತು. ಇದನ್ನು ಸೇರಿಸಿ, ಖಾಲಿ ಮಹಡಿಗಳ ಅರ್ಥ ಓದುಗರಿಗೆ ತಾನಾಗಿ ಹೊಳೆಯುತ್ತದೆ.

ನೃತ್ಯಶಾಲೆಯ ಪಿಯಾನೋ ಬರುವ ಭಾಗಕ್ಕೆ ನಾನು ಮನಸೋತೆ. ಉದುರಿದ ಗಾರೆಯ ನಡುವೆ ಮಗುಚಿಬಿದ್ದ ವಾದ್ಯ. ಮರುಸಾಲಿನಲ್ಲೇ ಅದರಿಂದ 'ಮೌನರಾಗ' ನುಡಿಸಿ ಕೆಡಿಸಿದ್ದೀರಿ. ಆ ಸಾಲನ್ನು ಹೊಡೆದುಹಾಕಿ, ಗಾರೆಯ ಬಗ್ಗೆ ಇನ್ನೂ ನಾಲ್ಕು ಮಾತು ಬರೆಯಿರಿ: ಅದರ ಬಣ್ಣ ಯಾವುದು, ಕಾಲಿಟ್ಟರೆ ಪುಡಿಯಾಗುತ್ತಿತ್ತೇ, ಒದ್ದೆಯಾಗಿತ್ತೇ.

ಕೊನೆಯ 'ಚಿರನಿದ್ರೆ'ಯನ್ನೂ ತೆಗೆಯಿರಿ. ಲೀ ಪ್ಲಾಜಾವನ್ನು ಮತ್ತೆ ಹಿರಿಯರ ಮನೆಗಳನ್ನಾಗಿ ಮಾಡುವ ಯೋಜನೆ ರೂಪುಗೊಂಡಿದೆ. ಅದನ್ನು ತಿಳಿದುಕೊಂಡು ಕೊನೆಯ ಪುಟವನ್ನು ಹೊಸದಾಗಿ ಬರೆದು ಕಳುಹಿಸಿ. ಕಾಯುತ್ತಿರುತ್ತೇನೆ.

ಸಂಪಾದಕ