ದೇಚಮ್ಮನಿಗೆ ಸತ್ತವರ ಹೆಸರು ಗೊತ್ತಿರಲಿ

ಪ್ರೀತಿಯ ಲೇಖಕಿಯವರಿಗೆ,

ನಮಸ್ಕಾರ. ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಆದರೆ ಏಳನೇ ಅಧ್ಯಾಯದಂಥ ಅಧ್ಯಾಯ ಬರೆದವರಿಗೆ ಎರಡು ಸಾಲು ಗೀಚಿ ಹಸ್ತಪ್ರತಿ ವಾಪಸು ಕಳಿಸಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಈ ಉದ್ದದ ಪತ್ರ. ನೇರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು, ನಾನು ಓದಿಕೊಂಡದ್ದು ಸರಿಯೇ ನೋಡಿ. ಅಪರಾಧದ ಕುರುಹುಗಳಿಂದ ಅಪರಾಧಿಯ ಸ್ವಭಾವ ಊಹಿಸುವ ಕ್ರಿಮಿನಲ್ ಪ್ರೊಫೈಲರ್ ದೇಚಮ್ಮ, ತನ್ನ ವಿಚ್ಛೇದನದ ಕೇಸು ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ ನಡೆಯುತ್ತಿರುವಾಗಲೇ ಕೊಡಗಿನ ನಾಪೋಕ್ಲು ಹತ್ತಿರದ ತವರಿಗೆ ಬರುತ್ತಾಳೆ. ಅಪ್ಪನಿಗೆ ಮರೆವಿನ ಕಾಯಿಲೆ. ಆಗಸ್ಟಿನ ಮಳೆಯಲ್ಲಿ ಸುತ್ತಲಿನ ಕಾಫಿ ತೋಟಗಳಲ್ಲಿ ಒಬ್ಬರ ಹಿಂದೊಬ್ಬರಂತೆ ಐವರು ಹೆಂಗಸರ ಹೆಣ ಸಿಗುತ್ತದೆ, ಪ್ರತಿಯೊಬ್ಬರ ಬಾಯಲ್ಲೂ ಒಂದು ಕಾಫಿ ಬೀಜ. ಎಸ್‌ಪಿ ಅವಳ ನೆರವು ಕೇಳುತ್ತಾರೆ. ದೇಚಮ್ಮ ಸ್ಥಳದಲ್ಲಿ ನಿಂತು ಕಣ್ಣು ಮುಚ್ಚುತ್ತಾಳೆ. ಕೊಲೆಗಾರನ ವಯಸ್ಸು, ಬಾಲ್ಯ, ತಾಯಿಯ ಮೇಲಿನ ಸಿಟ್ಟು, ಎಡಗೈ ಬಳಸುವ ಅಭ್ಯಾಸ ಎಲ್ಲವೂ ಹೊಳೆಯುತ್ತದೆ, ಹೊಳೆದದ್ದೆಲ್ಲ ನಿಜವೂ ಆಗುತ್ತದೆ. ಕೊನೆಗೆ ಮಾಂದಲಪಟ್ಟಿ ಬೆಟ್ಟದ ಅಂಚಿನಲ್ಲಿ ಅವನು ತಪ್ಪೊಪ್ಪಿಕೊಂಡು ಕೆಳಕ್ಕೆ ಹಾರುತ್ತಾನೆ.

ನನ್ನ ಮುಖ್ಯ ತಕರಾರು ಒಂದೇ. ಸತ್ತ ಐವರಲ್ಲಿ ಇಬ್ಬರಿಗೆ ಮಾತ್ರ ಹೆಸರಿದೆ. ಉಳಿದವರು ‘ಮೂರನೇ ಹೆಣ’, ‘ನಾಲ್ಕನೇ ಹೆಣ’, ‘ಆ ಕೂಲಿ ಹೆಂಗಸು’. ಕೊಲೆಗಾರನ ಬಾಲ್ಯಕ್ಕೆ ಎರಡು ಇಡೀ ಅಧ್ಯಾಯ ಕೊಟ್ಟಿದ್ದೀರಿ. ಸತ್ತವಳು ಯಾವ ಊರಿನವಳು, ಯಾರ ಜೊತೆ ತೋಟದ ಕೂಲಿಗಳ ಲೈನ್ ಮನೆಯಲ್ಲಿದ್ದಳು, ಅವಳು ಸಂಜೆ ಬಾರದಿದ್ದಾಗ ಯಾರು ಬಾಗಿಲಿಗೆ ಬಂದು ನೋಡಿದರು, ಇದಕ್ಕೆ ಒಂದು ಪ್ಯಾರಾವೂ ಇಲ್ಲ. ಇಂಥ ಕೊಲೆ ವರ್ಷಗಟ್ಟಲೆ ನಡೆಯಲು ಸಾಧ್ಯವಾಗುವುದು ಕೊಲೆಗಾರ ಬುದ್ಧಿವಂತ ಎಂಬ ಕಾರಣಕ್ಕಲ್ಲ, ಸತ್ತವರನ್ನು ಕೇಳಿಕೊಂಡು ಬರುವವರು ಇಲ್ಲದಿರುವುದಕ್ಕೆ. ನಿಮ್ಮ ಕಾದಂಬರಿಯೂ ಅವರನ್ನು ಕೇಳದೆ ಮುಂದೆ ಹೋಗುತ್ತದೆ.

ನಮ್ಮಲ್ಲೇ ನಡೆದದ್ದನ್ನು ನೋಡಿ. ‘ಸಯನೈಡ್ ಮೋಹನ್’ ಎಂದು ಹೆಸರಾದ ಮೋಹನ್ ಕುಮಾರ್ ದಕ್ಷಿಣ ಕನ್ನಡದಲ್ಲಿ ಶಾಲಾ ಶಿಕ್ಷಕನಾಗಿದ್ದವನು. ಮದುವೆಯಾಗುತ್ತೇನೆಂದು ನಂಬಿಸಿ ಬಡ ಮನೆಗಳ ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕರೆದೊಯ್ಯುತ್ತಿದ್ದ. ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಒಡವೆ ಬಿಚ್ಚಿಡಿಸಿ, ಬಸಿರಾಗದಿರಲು ಎಂದು ಹೇಳಿ ಸಯನೈಡ್ ಗುಳಿಗೆ ಕೊಟ್ಟು ಬಸ್ ನಿಲ್ದಾಣದ ಶೌಚಾಲಯಕ್ಕೆ ಕಳಿಸುತ್ತಿದ್ದ. ಆ ಊರುಗಳ ಸಾಲಿನಲ್ಲಿ ಮೈಸೂರು, ಹಾಸನ, ಬೆಂಗಳೂರಿನ ಜೊತೆ ನಿಮ್ಮ ಮಡಿಕೇರಿಯೂ ಇದೆ. ಹೆಣ ಸಿಕ್ಕ ಊರಿನ ಠಾಣೆಯಲ್ಲಿ ಗುರುತು ಸಿಗದ ಮಹಿಳೆಯ ಅಸ್ವಾಭಾವಿಕ ಸಾವು, ಅಂದರೆ ಒಂದು ಯುಡಿಆರ್. ಹುಡುಗಿ ಕಾಣೆಯಾದ ಊರಿನಲ್ಲಿ, ದೂರು ಕೊಟ್ಟಿದ್ದರೆ, ಒಂದು ಮಿಸ್ಸಿಂಗ್ ಕೇಸು. ಎರಡು ಫೈಲು ಎರಡು ಜಿಲ್ಲೆಯಲ್ಲಿ. 2009ರಲ್ಲಿ ಬಂಟ್ವಾಳ ಕಡೆಯ ಒಬ್ಬ ಯುವತಿ ಕಾಣೆಯಾದಾಗ ಊರಿನವರು ಸುಮ್ಮನಿರಲಿಲ್ಲ. ಪೊಲೀಸರು ಅವಳ ಫೋನ್ ಕರೆಗಳ ದಾಖಲೆ ಹಿಡಿದು ಹೊರಟರು. ಒಂದು ನಂಬರಿನಿಂದ ಇನ್ನೊಂದಕ್ಕೆ ಹೋದಂತೆ, ಕಾಣೆಯಾದ ಬೇರೆ ಹೆಣ್ಣುಮಕ್ಕಳ ಫೋನುಗಳೂ ಅದೇ ಜಾಲದಲ್ಲಿ ಸಿಕ್ಕವು. ಆ ವರ್ಷ ಅಕ್ಟೋಬರಿನಲ್ಲಿ ಅವನು ಸಿಕ್ಕಿಬಿದ್ದ. ಹೊರಬಿದ್ದದ್ದು 20 ಹೆಂಗಸರ ಸಾವು. ಮಂಗಳೂರಿನ ನ್ಯಾಯಾಲಯ 2013ರಲ್ಲಿ ಅವನನ್ನು ಅಪರಾಧಿ ಎಂದಿತು. ಯಾರೂ ಕಣ್ಣು ಮುಚ್ಚಿ ನಿಂತು ಅವನನ್ನು ಕಂಡುಹಿಡಿಯಲಿಲ್ಲ.

ಹಾಗೆಂದು ಪ್ರೊಫೈಲಿಂಗನ್ನು ಕೈಬಿಡಿ ಎನ್ನುತ್ತಿಲ್ಲ. ಅದರ ನಿಜವಾದ ಚರಿತ್ರೆ ನೀವು ಬರೆದದ್ದಕ್ಕಿಂತ ಹೆಚ್ಚು ರೋಚಕ. ನ್ಯೂಯಾರ್ಕಿನಲ್ಲಿ 1940ರಿಂದ ಒಬ್ಬ ಅಲ್ಲಲ್ಲಿ ಬಾಂಬು ಇಡುತ್ತಿದ್ದ. 1956ರಲ್ಲಿ ಮನೋವೈದ್ಯ ಜೇಮ್ಸ್ ಬ್ರಸೆಲ್ ಅವನ ಸ್ವಭಾವ ಹೀಗಿರಬೇಕೆಂದು ಪೊಲೀಸರಿಗೆ ಹೇಳಿದರು. ಸಿಕ್ಕಾಗ ಅವನು ಗುಂಡಿ ಹಾಕಿದ ಡಬಲ್ ಬ್ರೆಸ್ಟೆಡ್ ಕೋಟು ತೊಟ್ಟಿರುತ್ತಾನೆ ಎಂದೂ ಹೇಳಿದ್ದರಂತೆ. ಈ ಕೋಟಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಜಾರ್ಜ್ ಮೆಟೆಸ್ಕಿ ಎಂಬ ಆ ಮನುಷ್ಯನ ಹೆಸರು ಸಿಕ್ಕಿದ್ದು ಕಾನ್ ಎಡಿಸನ್ ವಿದ್ಯುತ್ ಕಂಪನಿಯ ಹಳೆಯ ಫೈಲುಗಳಲ್ಲಿ. ಆಲಿಸ್ ಕೆಲ್ಲಿ ಎಂಬ ಗುಮಾಸ್ತೆ, ಗಾಯಗೊಂಡು ಪರಿಹಾರಕ್ಕೆ ಜಗಳವಾಡಿದ ನೌಕರರ ಕಾಗದಗಳನ್ನು ಒಂದೊಂದಾಗಿ ಓದುತ್ತಾ ಹೋಗಿ, ಬಾಂಬಿನವನು ಪತ್ರಿಕೆಗೆ ಬರೆದ ಮಾತಿನ ಧಾಟಿಯನ್ನೇ ಒಂದು ಫೈಲಿನಲ್ಲಿ ಗುರುತಿಸಿದಳು. ಬ್ರಸೆಲ್ ಅಂದಾಜು ಮಾಡಿದರು, ಕೆಲ್ಲಿ ಓದಿದಳು. ನಿಮ್ಮ ದೇಚಮ್ಮ ಕೆಲ್ಲಿಯ ಕೆಲಸವನ್ನೂ ಮಾಡಲಿ.

ಕೊಡಗಿನಲ್ಲಿ ಆ ಫೈಲು ಎಲ್ಲಿರುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ತೋಟದ ರೈಟರ್ ಬರೆಯುವ ಹಾಜರಿ ಪುಸ್ತಕ, ಚೆಕ್ ರೋಲ್ ಇದೆಯಲ್ಲ, ಅದು. ಯಾರು ಬಂದರು, ಯಾರು ಬರಲಿಲ್ಲ, ಎಷ್ಟು ಕಿಲೋ ಹಣ್ಣು ಕೊಯ್ದರು, ಎಷ್ಟು ಮುಂಗಡ ತೀರಿಸುವುದು ಬಾಕಿ. ಒಂದು ದಿನದಿಂದಾಚೆಗೆ ಒಂದು ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ, ಆಮೇಲೆ ‘ಬಿಟ್ಟು ಹೋದಳು’. ಅಸ್ಸಾಮಿನಿಂದ, ಬಂಗಾಳದಿಂದ ಬಂದವಳು ಬಿಟ್ಟು ಹೋದಳು ಎಂದರೆ ಯಾರೂ ತಿರುಗಿ ಕೇಳುವುದಿಲ್ಲ. ಹಾಡಿಯಿಂದ ಬಂದ ಯರವ ಬುಡಕಟ್ಟಿನ ಹೆಂಗಸು ಬಾರದಿದ್ದರೂ ‘ಬೇರೆ ತೋಟಕ್ಕೆ ಹೋಗಿರಬೇಕು’ ಎಂದು ಮೇಸ್ತ್ರಿ ಹೇಳಿಬಿಡುತ್ತಾನೆ. ನಾಲ್ಕು ತೋಟಗಳ ಚೆಕ್ ರೋಲನ್ನು ಪಕ್ಕಪಕ್ಕ ಇಟ್ಟು ದೇಚಮ್ಮ ಒಂದು ರಾತ್ರಿ ಓದಲಿ. ಮಂಜಿನಲ್ಲಿ ಕೊಲೆಗಾರನ ಬೆನ್ನು ಹತ್ತಿ ಓಡುವ ನಿಮ್ಮ ಹನ್ನೆರಡನೇ ಅಧ್ಯಾಯಕ್ಕಿಂತ ಆ ರಾತ್ರಿಯಲ್ಲಿ ಓದುಗನ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ.

ಇದಕ್ಕಾಗಿ ಕಾಲವನ್ನು ಬದಲಿಸಬೇಕಾಗುತ್ತದೆ. ಆಗಸ್ಟ್ ಏಕೆ ಆರಿಸಿಕೊಂಡಿರಿ? ಮಳೆ, ಮಂಜು, ಜಿಗಣೆ ಭಯ ಹುಟ್ಟಿಸುತ್ತವೆ ಎಂದು ತಾನೇ? ಆದರೆ ನಿಮ್ಮ ಕೊಲೆಗಾರನಿಗೆ ಬೇಕಾದದ್ದು ಜನಜಂಗುಳಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ರೋಬಸ್ಟಾ ಕೊಯ್ಲಿನ ಹೊತ್ತಿನಲ್ಲಿ ಎಲ್ಲೆಲ್ಲಿಂದಲೋ ಬಂದವರಿಂದ ಲೈನ್ ಮನೆಗಳು ತುಂಬುತ್ತವೆ. ಬೆಳಿಗ್ಗೆ ಪಿಕಪ್ ಜೀಪುಗಳಲ್ಲಿ ನಿಂತುಕೊಂಡು ಹೋದವರು ಸಂಜೆ ಅದೇ ಜೀಪಿನಲ್ಲಿ ವಾಪಸಾದರೇ ಎಂದು ಎಣಿಸುವವರಿಲ್ಲ. ಕಣದ ತುಂಬ ಹಣ್ಣು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಹುಳಿ ವಾಸನೆ, ಕಣ್ಣು ಚುಚ್ಚುವ ಜನವರಿ ಬಿಸಿಲು. ಆ ಬೆಳಕಿನಲ್ಲಿ ಒಬ್ಬಳು ಕಾಣೆಯಾಗಲಿ. ಅಂದಹಾಗೆ, ನಾಲ್ಕನೇ ಅಧ್ಯಾಯದ ಆಗಸ್ಟಿನಲ್ಲಿ ಕಾಫಿ ಹೂವಿನ ಪರಿಮಳ ಬಂದುಬಿಟ್ಟಿದೆ. ಹೂಮಳೆ ಬೀಳುವುದು ಫೆಬ್ರವರಿ, ಮಾರ್ಚ್, ಏಪ್ರಿಲಿನಲ್ಲಿ ಎಂದು ಕೊಡಗಿನ ಮಗುವಿಗೂ ಗೊತ್ತು, ಅಲ್ಲೇ ಹುಟ್ಟಿದ ನಿಮಗಂತೂ ಗೊತ್ತಿದ್ದೇ ಇರುತ್ತದೆ. ಟಿವಿ ನೋಡುತ್ತಾ ಬರೆದ ಸಾಲುಗಳಲ್ಲಿ ಹೀಗಾಗುತ್ತದೆ. ಬಾಯಲ್ಲಿಟ್ಟ ಕಾಫಿ ಬೀಜವೂ ಅಲ್ಲಿಂದಲೇ ಬಂದದ್ದು, ದಯವಿಟ್ಟು ತೆಗೆಯಿರಿ.

ಇನ್ನೊಂದು ಮಾತು. ತೋಟದಲ್ಲಿ ಹೆಣ ಬಿದ್ದಿದೆ ಎಂದರೆ ಕೊಡಗಿನಲ್ಲಿ ಮೊದಲು ಬಾಯಿಗೆ ಬರುವ ಪ್ರಶ್ನೆ ಯಾವುದು? ‘ಆನೆಯಾ?’ ಎಂದಲ್ಲವೇ? ಕಾಫಿ ತೋಟಗಳಲ್ಲಿ ಆನೆ ದಾಳಿಗೆ ಕಾರ್ಮಿಕರು ಸಾಯುವುದು ನಿಮ್ಮ ಜಿಲ್ಲೆಯ ಪತ್ರಿಕೆಗಳಿಗೆ ಹೊಸ ಸುದ್ದಿಯಲ್ಲ. ಅರಣ್ಯ ಇಲಾಖೆಯವರು ಬರುತ್ತಾರೆ, ಜನ ಹೆಣ ಇಟ್ಟುಕೊಂಡು ಪ್ರತಿಭಟಿಸುತ್ತಾರೆ, ಪರಿಹಾರದ ಮಾತಾಗುತ್ತದೆ. ನಿಮ್ಮ ಇಡೀ ಹಸ್ತಪ್ರತಿಯಲ್ಲಿ ಒಂದು ಆನೆಯೂ ಇಲ್ಲ. ಮೊದಲ ಸಾವು ಆನೆ ದಾಳಿಯೆಂದೇ ತಿಳಿಯುವಂತೆ ಬಿದ್ದಿರಲಿ. ಮಡಿಕೇರಿಯ ಶವಾಗಾರದಲ್ಲಿ ವೈದ್ಯರು ಪಕ್ಕೆಲುಬು ಮುರಿದಿದೆಯೇ, ಎದೆ ಜಜ್ಜಿದೆಯೇ ಎಂದು ನೋಡಿ, ಕೊರಳಿನ ಹತ್ತಿರ ಬಂದು ಕೈ ನಿಲ್ಲಿಸಲಿ. ಕೊಡಗಿನವರೇ ಬರೆಯಬಹುದಾದ ದೃಶ್ಯ ಅದು.

ಈಗ ಏಳನೇ ಅಧ್ಯಾಯ. ಅಪ್ಪ ಬೆಳಿಗ್ಗೆ ಎದ್ದು ಕೋವಿಗೆ ಎಣ್ಣೆ ಸವರುತ್ತಾರೆ. ಹತ್ತು ನಿಮಿಷಕ್ಕೆ ಮರೆತು ಮತ್ತೆ ಸವರುತ್ತಾರೆ. ದೇಚಮ್ಮ ತೋಟೆಗಳನ್ನು ಬೀರುವಿನಿಂದ ತೆಗೆದು ಅಕ್ಕಿ ಡಬ್ಬಿಯೊಳಗೆ ಹೂತಿಡುತ್ತಾಳೆ. ಮಧ್ಯಾಹ್ನ ಅಪ್ಪ ಬೀರು ತೆರೆದು ಖಾಲಿ ಪೆಟ್ಟಿಗೆಯನ್ನು ನೋಡುತ್ತಾ ನಿಂತವರು, ‘ಕೈಲ್‌ಪೊಳ್ದ್ ಆಯ್ತಾ?’ ಎಂದು ಕೋವಿ ಪೂಜೆಯ ಹಬ್ಬದ ಬಗ್ಗೆ ಕೇಳುತ್ತಾರೆ. ಅವಳು ‘ಆಯ್ತಪ್ಪ’ ಎಂದು ಸುಳ್ಳು ಹೇಳುತ್ತಾಳೆ. ಇದರಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ. ಕೋವಿ ಮನೆಯ ದೇವರಷ್ಟೇ ಮುಖ್ಯವಾದ ಕಡೆ ಅದನ್ನು ಅಪ್ಪನಿಂದ ಬಚ್ಚಿಡುವ ಮಗಳ ಕಷ್ಟವನ್ನು ನೀವು ಒಂದೂ ದೊಡ್ಡ ಮಾತಿಲ್ಲದೆ ಬರೆದಿದ್ದೀರಿ. (ಆದರೆ ಅದರ ಮುಂದಿನ ಪುಟದಲ್ಲಿ ಲೈಸೆನ್ಸ್ ನವೀಕರಣದ ಚಿಂತೆ ಬೇಡ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ.)

ತೊಂದರೆ ಎಲ್ಲಿ ಎಂದರೆ ಈ ಅಪ್ಪ ಒಂದು ಕಥೆಯಲ್ಲಿದ್ದಾರೆ, ಕೊಲೆಗಳು ಇನ್ನೊಂದರಲ್ಲಿ. ವಿಚ್ಛೇದನ ಮೂರನೆಯದರಲ್ಲಿ. ಎಣ್ಣೆ ನೀರಿನ ಹಾಗೆ ಬೇರೆಬೇರೆಯಾಗಿಯೇ ಉಳಿಯುತ್ತವೆ. ದೇಚಮ್ಮ ರಾತ್ರಿ ಅಳುತ್ತಾಳೆ, ಬೆಳಿಗ್ಗೆ ಕೊಲೆ ಹುಡುಕುತ್ತಾಳೆ. ಅಳು ಹುಡುಕಾಟವನ್ನು ಬದಲಿಸುವುದಿಲ್ಲ. ನನಗೆ ಒಂದು ದಾರಿ ಕಾಣುತ್ತಿದೆ, ಹಿಡಿಯುವುದೂ ಬಿಡುವುದೂ ನಿಮಗೆ ಸೇರಿದ್ದು: ಆ ಚೆಕ್ ರೋಲುಗಳಲ್ಲಿ ಒಂದು ಅವಳ ಅಪ್ಪನ ತೋಟದ್ದೇ ಆಗಿರಲಿ. ಮೊದಲು ‘ಬಿಟ್ಟು ಹೋದವಳು’ ಅವರ ಲೈನ್ ಮನೆಯಲ್ಲೇ ಇದ್ದವಳಾಗಿರಲಿ, ದೇಚಮ್ಮ ರಜೆಗೆ ಬಂದಾಗ ಅವಳ ಕೈಯ ಕಾಫಿ ಕುಡಿದಿರಲಿ. ಅವಳ ಬಗ್ಗೆ ಗೊತ್ತಿದ್ದ ಒಬ್ಬನೇ ಮನುಷ್ಯ ಅಪ್ಪ, ಅವರಿಗೆ ನೆನಪಿಲ್ಲ. ಒಂದು ದಿನ ನೆನಪಾಗುತ್ತದೆ, ಅರ್ಧ ಗಂಟೆಯಲ್ಲಿ ಹೋಗುತ್ತದೆ. ಹಾಗಾದರೆ ಮಗಳಾಗಿ ಅಪ್ಪನ ಪಕ್ಕ ಕೂರುವುದೂ ತನಿಖೆಗಾಗಿ ಅವರನ್ನು ಕೆದಕುವುದೂ ಒಂದೇ ಹೊತ್ತಿಗೆ ಬರುತ್ತವೆ. ಆಗ ಅವಳು ಯಾವುದನ್ನು ಆರಿಸಿಕೊಳ್ಳುತ್ತಾಳೆ ಎನ್ನುವುದೇ ಕಾದಂಬರಿ. ವಿಚ್ಛೇದನವನ್ನು ಎರಡು ಫೋನ್ ಕರೆಗೆ ಇಳಿಸಿದರೂ ನಷ್ಟವಿಲ್ಲ.

ದೇಚಮ್ಮ ಒಮ್ಮೆಯಾದರೂ ತಪ್ಪಬೇಕು, ಅದರ ಬೆಲೆಯನ್ನು ಯಾರಾದರೂ ತೆರಬೇಕು. 1992ರಲ್ಲಿ ಲಂಡನ್ನಿನ ವಿಂಬಲ್ಡನ್ ಕಾಮನ್‌ನಲ್ಲಿ ರೇಚಲ್ ನಿಕೆಲ್ ಎಂಬ ತಾಯಿಯನ್ನು ಪುಟ್ಟ ಮಗನ ಎದುರೇ ಕೊಂದರು. ಮನಶ್ಶಾಸ್ತ್ರಜ್ಞನ ಪ್ರೊಫೈಲಿಗೆ ಹೊಂದುತ್ತಾನೆಂದು ಪೊಲೀಸರು ಕಾಲಿನ್ ಸ್ಟ್ಯಾಗ್ ಎಂಬವನ ಬೆನ್ನು ಹತ್ತಿದರು, ಮಹಿಳಾ ಪೊಲೀಸ್ ಒಬ್ಬಳನ್ನು ಪ್ರೇಮದ ನಾಟಕವಾಡಲು ಬಿಟ್ಟರು. 1994ರಲ್ಲಿ ನ್ಯಾಯಾಧೀಶರು ಆ ಸಾಕ್ಷ್ಯವನ್ನು ತಳ್ಳಿಹಾಕಿದರು, ಕೇಸು ಬಿದ್ದುಹೋಯಿತು. ನಿಜವಾಗಿ ಕೊಂದವನು ರಾಬರ್ಟ್ ನ್ಯಾಪರ್, 2008ರಲ್ಲಿ ಒಪ್ಪಿಕೊಂಡ. ಅಷ್ಟರಲ್ಲಿ, 1993ರಲ್ಲಿ, ಅವನು ಇನ್ನೊಬ್ಬ ತಾಯಿಯನ್ನೂ ಅವಳ ಪುಟ್ಟ ಮಗಳನ್ನೂ ಕೊಂದಿದ್ದ. ನಿಮ್ಮ ಕಾದಂಬರಿಯಲ್ಲಿ ಪ್ರೊಫೈಲ್ ಯಾರ ಕಡೆ ಬೊಟ್ಟು ಮಾಡುತ್ತದೆ? ಒಂಟಿಯಾಗಿರುವ, ಹೆಚ್ಚು ಮಾತಾಡದ, ಹೊರಗಿನಿಂದ ಬಂದ ಒಬ್ಬ ಕೂಲಿಯ ಕಡೆಗೆ ಮಾಡಿದರೆ ಊರು ಅದನ್ನು ತಕ್ಷಣ ನಂಬುತ್ತದೆ. ಆ ನಂಬಿಕೆಯ ಭಾರ ದೇಚಮ್ಮನ ಮೇಲೆ ಬೀಳಲಿ. ಮೂರನೇ ಅಧ್ಯಾಯದಲ್ಲಿ ಅವಳು ಪೇದೆಗಳಿಗೆ ಪಾಠ ಮಾಡುವ ‘ವ್ಯವಸ್ಥಿತ’, ‘ಅವ್ಯವಸ್ಥಿತ’ ಕೊಲೆಗಾರ ಎಂಬ ವಿಂಗಡಣೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಿಂದ ಬಂದದ್ದು. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಯಾಂಟರ್ ಮತ್ತು ಸಂಗಡಿಗರು 2004ರಲ್ಲಿ 100 ಸರಣಿ ಕೊಲೆಗಳನ್ನು ಪರಿಶೀಲಿಸಿದಾಗ ಅಂಥ ಸ್ಪಷ್ಟ ಗೆರೆ ಕಾಣಲಿಲ್ಲ. ಅದನ್ನು ಓದಿದ ಒಬ್ಬ ಕಿರಿಯ ಪಿಎಸ್‌ಐ ಎದ್ದು ನಿಂತು ಪ್ರಶ್ನೆ ಕೇಳಲಿ.

ಮಾಂದಲಪಟ್ಟಿಯ ಕೊನೆ ಬೇಡ. ಅವನು ಹಾರಿದ ಕ್ಷಣ ಸತ್ತ ಹೆಂಗಸರ ಕಡೆಯವರಿಗೆ ಸಿಗಬೇಕಾದದ್ದೂ ಹಾರಿಹೋಗುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೇ ಇದೆ. ಹನ್ನೊಂದನೇ ಅಧ್ಯಾಯದ ಬಲವಂತದ ನಾರ್ಕೊ ಪರೀಕ್ಷೆಯೂ ನಡೆಯದು. ಒಪ್ಪಿಗೆಯಿಲ್ಲದೆ ಅದನ್ನು ಮಾಡಬಾರದೆಂದು ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಅದು ಕರ್ನಾಟಕದಿಂದಲೇ ಹೋದ ಪ್ರಕರಣ. ಹಾಗಾಗಿ ಸಾಕ್ಷಿ ಬೇಕು. ಲೈನ್ ಮನೆಯ ಹೆಂಗಸೊಬ್ಬಳು ಮಡಿಕೇರಿಯ ಕೋರ್ಟಿನಲ್ಲಿ ಕಟಕಟೆ ಹತ್ತಬೇಕು. ಅವಳ ಭಾಷೆ ನ್ಯಾಯಾಧೀಶರಿಗೆ ತಿಳಿಯದು, ತರ್ಜುಮೆ ಮಾಡುವವರು ಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಈಗಿನ ಪ್ರತಿಯಲ್ಲಿ ಯರವರೂ ಅಸ್ಸಾಮಿನವರೂ ಅರೆಭಾಷೆಯವರೂ ವಾರ್ತೆ ಓದುವವರ ಕನ್ನಡವನ್ನೇ ಆಡುತ್ತಾರೆ. ಅವರವರ ಮಾತು ಅವರವರ ಬಾಯಲ್ಲಿ ಬರಲಿ.

ಇಡೀ ಹಸ್ತಪ್ರತಿಯನ್ನು ಒಮ್ಮೆಗೇ ತಿದ್ದಲು ಹೋಗಬೇಡಿ. ಮೊದಲು ಐದು ಹೆಂಗಸರ ಬಗ್ಗೆ ತಲಾ ಎರಡು ಪುಟ ಬರೆಯಿರಿ, ಕಾದಂಬರಿಗೆಂದಲ್ಲ, ನಿಮಗೆಂದು. ಹೆಸರು, ಊರು, ಜೊತೆಗಿದ್ದವರು, ಫೋನಿನಲ್ಲಿ ಕೊನೆಗೆ ಮಾತಾಡಿದ್ದು ಯಾರ ಹತ್ತಿರ, ಮುಂಗಡ ಎಷ್ಟು ಬಾಕಿಯಿತ್ತು. ಗುರುತಿನ ತೋಟದವರು ಯಾರಾದರೂ ಇದ್ದರೆ ಒಂದು ಹಳೆಯ ಚೆಕ್ ರೋಲ್ ನೋಡಲು ಕೇಳಿ. ಮಡಿಕೇರಿಯ ಕೋರ್ಟಿನಲ್ಲಿ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಆಮೇಲೆ ಆ ಹತ್ತು ಪುಟಗಳನ್ನೂ ಹೊಸ ಮೊದಲ ಅಧ್ಯಾಯವನ್ನೂ ನನಗೇ ನೇರವಾಗಿ ಕಳಿಸಿ. ಕೊಯ್ಲು ಮುಗಿಯುವ ಮೊದಲು ಬಂದರೆ, ತೋಟಗಳಲ್ಲಿ ಕೆಲಸ ನಡೆಯುತ್ತಿರುವಾಗಲೇ ನಾವು ಅದರ ಬಗ್ಗೆ ಮಾತಾಡಬಹುದು.

ವಿಶ್ವಾಸದಿಂದ,
ಸಂಪಾದಕ